ಚಿಕ್ಕ ದೋಣಿಯಿಂದ ಸ್ಪ್ರಿಂಗ್ ಸಾಮನ್ ಮೀನು ಹಿಡಿಯುವ ಕ್ರಮ

ಕೆನಡಾ ದೇಶದ ಪಡುವಣ ಅಂಚಿನಲ್ಲಿ ಬ್ರಿಟಿಷ್ ಕೊಲಂಬಿಯ ಎಂಬ ಪ್ರಾಂತವಿರುತ್ತದೆ. ನಮ್ಮ ಶಾಲೆಯಲ್ಲಿ ಕಲಿತು ಹೊರಟ ಸಹೋದರಿಯರಲ್ಲಿ ಕೆಲವರು ಈಗ ಆ ಕರಾವಳಿಯಲ್ಲಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಗೃಹಿಣಿಯರಾಗಿಯೂ ನೆಲೆಸಿದ್ದಾರೆ. ಅಲ್ಲಿಯ ಜನರಿಗೆ ರಜಾದಿನದ ದೊಡ್ಡ ಸಂತೋಷವೇನಂದರೆ, ಚಿಕ್ಕ ದೋಣಿಯಲ್ಲಿ ಕಡಲಿಗೆ ಹೋಗಿ ಸಾಮನ್ ಮೀನಿಗೆ ಗಾಳ ಹಾಕುವದು. ಹೊಸದಾಗಿ ಬಂದವರನ್ನು ನೆರೆಯವರು ಪ್ರೀತಿಯಿಂದ ಕರೆಯುತ್ತಾರೆ. ಆ ಸುದ್ದಿಯು ಊರಿಗೆ ಮುಟ್ಟಿದ ಕೂಡಲೆ ಇಲ್ಲಿರುವ ತಾಯಂದಿರು, "ಅಷ್ಟು ಸಣ್ಣ ದೋಣಿಯಲ್ಲಿ ಮಗಳು ಹೋಗಬಹುದೋ?" ಎಂದು ಕೇಳುವದು ಸಹಜವೇ. ಹೋಗಬಹುದು, ಆದರೆ ತಿಳಿದು ಹೋಗಬೇಕು. ಆದಕಾರಣ ಈ ಮೀನು ಯಾವದು, ಅದನ್ನು ಹಿಡಿಯುವದು ಹೇಗೆ, ಹಿಡಿಯಹೋದವರು ಸುಖವಾಗಿ ದಡಕ್ಕೆ ಬರುವದು ಹೇಗೆ ಎಂಬ ವಿಷಯದಲ್ಲಿ ಇಲ್ಲಿ ಬರೆಯಲಾಗಿದೆ. ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಶಾಂತಸಾಗರದ ಆ ಕರೆಯಲ್ಲಿ ಸಾಮನ್ ಎಂಬ ಹೆಸರಿನಿಂದ ಐದು ಜಾತಿಯ ಮೀನುಗಳು ಸಿಕ್ಕುತ್ತವೆ: ಚಿನೂಕ್, ಕೋಹೋ, ಸಾಕೈ, ಪಿಂಕ್, ಚಮ್. ಇವುಗಳಲ್ಲಿ ಚಿನೂಕ್ ಎಂಬದೇ ಎಲ್ಲಕ್ಕಿಂತ ದೊಡ್ಡದು. ಅದನ್ನೇ ಬ್ರಿಟಿಷ್ ಕೊಲಂಬಿಯದವರು ಸ್ಪ್ರಿಂಗ್ ಎನ್ನುತ್ತಾರೆ. ಅಲಾಸ್ಕದವರು ಅದಕ್ಕೆ ಕಿಂಗ್, ಅಂದರೆ ರಾಜಮೀನು, ಎಂದು ಹೆಸರಿಟ್ಟಿದ್ದಾರೆ. ಸ್ಪ್ರಿಂಗ್ ಎಂದರೆ ವಸಂತಕಾಲ. ಇದರ ಕೆಲವು ತಂಡಗಳು ಬೇರೆ ಸಾಮನ್‌ಗಳಿಗಿಂತ ಮೊದಲು, ವಸಂತದಲ್ಲಿಯೇ, ನದಿಗಳನ್ನು ಏರತೊಡಗುತ್ತವೆ. ಹಾಗೆಂದು ವಸಂತದಲ್ಲಿ ಮಾತ್ರ ಅದು ಸಿಕ್ಕುವದೆಂದು ತಿಳಿಯಬಾರದು. ಇನ್ನೂ ಪ್ರಾಯಕ್ಕೆ ಬಾರದೆ ಕಡಲಲ್ಲಿಯೇ ಮೇಯುತ್ತಿರುವ ಸ್ಪ್ರಿಂಗ್ ಮೀನುಗಳು ಚಳಿಗಾಲದಲ್ಲಿಯೂ ಆ ಕೊಲ್ಲಿಗಳಲ್ಲಿ ಇರುತ್ತವೆ. ಮಾರ್ಚ್ ತಿಂಗಳಲ್ಲಿ ಹೆರಿಂಗ್ ಎಂಬ ಸಣ್ಣ ಮೀನು (ನಮ್ಮ ಬೂತಾಯಿಯ ದಾಯಾದಿಯೆಂದೇ ಹೇಳಬಹುದು) ದಡದ ಪಾಚಿಯ ಮೇಲೆ ಮೊಟ್ಟೆಯಿಡಲು ಜಾರ್ಜಿಯ ಜಲಸಂಧಿಗೆ ಗುಂಪುಗುಂಪಾಗಿ ಬರುತ್ತದೆ. ಆಗ ಸಮುದ್ರದ ನೀರು ಮೈಲುಗಟ್ಟಲೆ ಹಾಲು ಬೆರಸಿದಂತೆ ತಿಳಿ ಹಸುರಾಗಿ ಕಾಣುವದು. ಸ್ಪ್ರಿಂಗ್ ಮೀನು ಆ ಹೆರಿಂಗನ್ನು ಬೆನ್ನಟ್ಟಿಕೊಂಡು ಬರುತ್ತದೆ; ಮನುಷ್ಯರು ಸ್ಪ್ರಿಂಗನ್ನು ಬೆನ್ನಟ್ಟುತ್ತಾರೆ.

ಇದರ ಜನ್ಮಚರಿತ್ರೆಯು ಆಶ್ಚರ್ಯಕರವಾದದ್ದು. ನದಿಯ ತಣ್ಣೀರಿನಲ್ಲಿ ಕಲ್ಲುಮರಳಿನ ಕೆಳಗೆ ಮೊಟ್ಟೆಯೊಡೆದು ಹುಟ್ಟಿ, ಕೆಲವು ತಿಂಗಳು ಇಲ್ಲವೆ ಒಂದು ವರುಷ ಅಲ್ಲಿಯೇ ಬೆಳೆದು, ಕಡಲಿಗಿಳಿದು, ಹೆಚ್ಚಾಗಿ ಎರಡರಿಂದ ಐದು ವರುಷಗಳ ತನಕ ಅಲ್ಲಿ ಮೇಯುತ್ತದೆ. ಆಮೇಲೆ ತಾನು ಹುಟ್ಟಿದ ಹೊಳೆಯ ವಾಸನೆಯನ್ನು ಗುರುತಿಸಿ ಅದೇ ಹೊಳೆಗೆ ಹಿಂತಿರುಗುತ್ತದೆ. ಯೂಕಾನ್ ನದಿಯನ್ನು ಏರುವವು ಸುಮಾರು ೩,೦೦೦ ಕಿಲೋಮೀಟರು ದೂರ ಪ್ರವಾಹಕ್ಕೆ ಎದುರಾಗಿ ಈಜುತ್ತವೆ. ಸಿಹಿನೀರನ್ನು ಮುಟ್ಟಿದ ಮೇಲೆ ಆಹಾರವನ್ನು ಬಿಟ್ಟು, ಮೊಟ್ಟೆಯಿಟ್ಟು, ಪ್ರಾಣ ಬಿಡುತ್ತವೆ. ತಾಯಿಮೀನು ತನ್ನ ಒಂದು ಮರಿಯನ್ನಾದರೂ ಕಣ್ಣಿನಿಂದ ನೋಡುವದಿಲ್ಲ. ಇಂಗ್ಲೆಂಡಿನಿಂದ ಬಂದು ಕ್ಯಾಂಬೆಲ್ ರಿವರ್ ಎಂಬ ಊರಿನಲ್ಲಿ ಮ್ಯಾಜಿಸ್ಟ್ರೇಟರಾಗಿದ್ದ ರೋಡರಿಕ್ ಹೇಗ್-ಬ್ರೌನ್ (೧೯೦೮–೧೯೭೬) ಎಂಬವರು ಇಂಥ ಒಂದು ಹೆಣ್ಣು ಸ್ಪ್ರಿಂಗ್ ಮೀನಿನ ಬಾಳನ್ನೇ ವಿಷಯವಾಗಿಟ್ಟುಕೊಂಡು ೧೯೪೧ರಲ್ಲಿ ಒಂದು ಪುಸ್ತಕ ಬರೆದರು. ಹಿಡಿಯಹೋಗುವವರು ಮೊದಲು ಅದನ್ನು ಓದುವದು ಒಳ್ಳೆಯದು.

ಗುರುತು ಹೇಗಂದರೆ: ಸ್ಪ್ರಿಂಗಿನ ಕೆಳದವಡೆಯಲ್ಲಿ ಹಲ್ಲಿನ ಬುಡದ ಒಸಡು ಕಪ್ಪಾಗಿರುತ್ತದೆ, ಬಾಲದ ಮೇಲಿನ ಹಾಗೂ ಕೆಳಗಿನ ಎರಡು ಭಾಗಗಳಲ್ಲಿಯೂ ಕರಿಚುಕ್ಕೆಗಳಿರುತ್ತವೆ. ಕೋಹೋ ಮೀನಿನ ಒಸಡು ಬಿಳಿದು, ಚುಕ್ಕೆಗಳು ಬಾಲದ ಮೇಲ್ಭಾಗದಲ್ಲಿ ಮಾತ್ರ. ಇದನ್ನು ಕಂಠಪಾಠ ಮಾಡಿಕೊಳ್ಳತಕ್ಕದ್ದು. ಯಾಕಂದರೆ ಒಂದನ್ನು ಇಟ್ಟುಕೊಳ್ಳಲು ಅಪ್ಪಣೆಯಿರುವ ದಿನದಲ್ಲಿ ಇನ್ನೊಂದನ್ನು ಬಿಡಬೇಕಾಗಿರಬಹುದು. ಗೊತ್ತಾಗಲಿಲ್ಲವೆಂಬ ಮಾತನ್ನು ಅಲ್ಲಿಯ ಅಧಿಕಾರಿಗಳು ಕೇಳುವದಿಲ್ಲ.

ಶಾಸನದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುವೆನು. ನಮ್ಮ ಕರೆಯಲ್ಲಿ ಹುಡುಗರು ಗಾಳದ ಕೋಲನ್ನು ತೆಗೆದುಕೊಂಡು ಹೊಳೆಬದಿಗೆ ಹೋದರೆ ಕೇಳುವವರಾರು? ಅಲ್ಲಿ ಹಾಗಲ್ಲ. ಕಡಲಲ್ಲಿ ಗಾಳ ಹಾಕುವದಕ್ಕೆ ಸರಕಾರದ ಮೀನುಗಾರಿಕೆ ಇಲಾಖೆಯಿಂದ ಪರವಾನಗಿ ಪಡೆಯಬೇಕು; ಅದು ಮಾರ್ಚ್ ೩೧ಕ್ಕೆ ಮುಗಿಯುತ್ತದೆ. ಸಾಮನನ್ನು ಇಟ್ಟುಕೊಳ್ಳುವದಾದರೆ ಅದರ ಮೇಲೆ ಬೇರೊಂದು ಸಾಮನ್ ಮುದ್ರೆಯೂ ಬೇಕು. ಸ್ಪ್ರಿಂಗ್ ಮೀನನ್ನು ಇಟ್ಟುಕೊಂಡ ಕೂಡಲೆ, ಮನೆಗೆ ಹೋದ ಮೇಲಲ್ಲ, ದೋಣಿಯಲ್ಲಿಯೇ ಅದನ್ನು ಪರವಾನಗಿಯಲ್ಲಿ ಬರೆಯಬೇಕು. ಸಾಮನಿಗೆ ಹಾಕುವ ಗಾಳಕ್ಕೆ ಒಳಮುಳ್ಳು ಇರಕೂಡದು. ಇದ್ದರೆ ಇಕ್ಕುಳದಿಂದ ಒತ್ತಿ ಮಟ್ಟಮಾಡಬೇಕು. ಎಷ್ಟು ಉದ್ದದ ಮೀನನ್ನು ಇಟ್ಟುಕೊಳ್ಳಬಹುದು, ದಿನಕ್ಕೆ ಎಷ್ಟು, ಯಾವ ಕೊಲ್ಲಿ ತೆರೆದಿದೆ, ಯಾವದು ಮುಚ್ಚಿದೆ ಎಂಬದು ಸ್ಥಳದಿಂದ ಸ್ಥಳಕ್ಕೂ ವಾರದಿಂದ ವಾರಕ್ಕೂ ಬದಲಾಗುವದರಿಂದ, ಹೊರಡುವ ದಿನವೇ ಇಲಾಖೆಯ ಪ್ರಕಟಣೆಯನ್ನು ನೋಡಬೇಕು. ಯಂತ್ರದ ದೋಣಿಯನ್ನು ನಡಿಸುವವರು ಪರೀಕ್ಷೆ ಕೊಟ್ಟು ಪಡೆದ ಚೀಟಿಯನ್ನು ಸಂಗಡ ಇಟ್ಟುಕೊಂಡಿರಬೇಕು.

ಇನ್ನು ದೋಣಿ. ಹೊಸಬರಿಗೆ ೧೪ರಿಂದ ೧೬ ಅಡಿ ಉದ್ದದ, ಅಗಲವಾದ ಹೊಟ್ಟೆಯ ಅಲ್ಯುಮಿನಿಯಂ ದೋಣಿಯೂ ಹಿಂದುಗಡೆ ತಗಲಿಸುವ ಸಾಧಾರಣ ಯಂತ್ರವೂ ಸಾಕು. ಇಬ್ಬರು ಇದ್ದರೆ ಚಂದ; ಮೂವರಾದರೆ ಇಕ್ಕಟ್ಟು; ಒಬ್ಬರೇ ಹೋಗಲೇ ಕೂಡದು. ಪ್ರತಿಯೊಬ್ಬರಿಗೂ ಮೈಗೆ ಸರಿಯಾದ ತೇಲಂಗಿ, ಹದಿನೈದು ಮೀಟರು ಉದ್ದದ ತೇಲುವ ಹಗ್ಗ, ಹುಟ್ಟುಗಳು, ಲಂಗರು, ನೀರೆತ್ತುವ ಪಾತ್ರೆ, ಸೀಟಿ, ನೀರು ಹೊಗದ ದೀಪ ಇವು ದೋಣಿಯಲ್ಲಿರಬೇಕು. ತೇಲಂಗಿಯನ್ನು ದೋಣಿಯಲ್ಲಿ ಇಟ್ಟಿರುವದು ಬೇರೆ, ತೊಟ್ಟಿರುವದು ಬೇರೆ. ಈ ಒಂದು ಸಂಗತಿಯಲ್ಲಿ ಪ್ರಾಣವೇ ಇರುವದರಿಂದ ಸ್ವಲ್ಪ ವಿಸ್ತರಿಸಿ ಬರೆಯುವದಕ್ಕೆ ವಾಚಕರು ಕ್ಷಮಿಸಬೇಕು.

ನಮ್ಮ ಕರಾವಳಿಯ ಹೆಣ್ಣುಮಕ್ಕಳಲ್ಲಿ ಹಲವರು ಚಿಕ್ಕಂದಿನಿಂದ ಹೊಳೆಯಲ್ಲಿ ಈಜಿದವರು. "ದೋಣಿ ಮಗುಚಿದರೇನು, ಈಜಿ ದಡ ಸೇರುವೆನು" ಎಂಬ ಧೈರ್ಯ ಅವರಿಗುಂಟು. ಮಂಗಳೂರಿನ ಕಡಲು ೨೮ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಬೆಚ್ಚಗಿರುವಾಗ ಆ ಧೈರ್ಯ ಸಲ್ಲುವದು. ಬ್ರಿಟಿಷ್ ಕೊಲಂಬಿಯದ ಕಡಲು ವಸಂತಕಾಲದಲ್ಲಿ ೮ರಿಂದ ೧೦ ಡಿಗ್ರಿ. ಅಂಥ ನೀರಿಗೆ ಬಿದ್ದವರಿಗೆ ಏನಾಗುತ್ತದೆ ಎಂಬದನ್ನು ಅಲ್ಲಿಯವರು ಒಂದು, ಹತ್ತು, ಒಂದು ಎಂಬ ಲೆಕ್ಕದಿಂದ ಮಕ್ಕಳಿಗೂ ಕಲಿಸುತ್ತಾರೆ. ಮೊದಲನೆಯ ಒಂದು ನಿಮಿಷ ಉಸಿರು ಕೈಯಲ್ಲಿರುವದಿಲ್ಲ. ಚಳಿಯ ಪೆಟ್ಟಿಗೆ ತಾನಾಗಿ ಬಾಯಿ ತೆರೆದು ಏದುಸಿರು ಬರುತ್ತದೆ. ಆಗ ತಲೆ ನೀರೊಳಗಿದ್ದರೆ ಎಷ್ಟು ಒಳ್ಳೆಯ ಈಜುಗಾರ್ತಿಯಾದರೂ ನೀರು ಕುಡಿದು ಮುಳುಗುವಳು. ಮುಂದಿನ ಹತ್ತು ನಿಮಿಷ ಕೈಕಾಲುಗಳಲ್ಲಿ ಕೆಲಸಕ್ಕೆ ಬರುವ ಶಕ್ತಿಯಿರುತ್ತದೆ. ಆಮೇಲೆ ಬೆರಳುಗಳು ಹಗ್ಗವನ್ನೂ ಹಿಡಿಯಲಾರವು. ದೇಹದ ಒಳಗಿನ ಶಾಖವು ಇಳಿದು ಪ್ರಜ್ಞೆ ತಪ್ಪುವದಕ್ಕೆ ಸುಮಾರು ಒಂದು ತಾಸು ಹಿಡಿಯುತ್ತದೆ. ಅಂದರೆ ಹೆಚ್ಚಿನವರು ಚಳಿಯಿಂದ ಸಾಯುವದಿಲ್ಲ, ಚಳಿ ಏರುವದಕ್ಕೆ ಮೊದಲೇ ಮುಳುಗಿ ಸಾಯುತ್ತಾರೆ. ತೇಲಂಗಿಯನ್ನು ತೊಟ್ಟವಳ ಮುಖವು ಆ ಮೊದಲನೆಯ ನಿಮಿಷದಲ್ಲಿ ನೀರಿನ ಮೇಲೆ ಇರುವದು. ಆಮೇಲಿನ ಒಂದು ತಾಸಿನ ಅವಕಾಶ ಅವಳಿಗೆ ದೊರೆಯುವದು. ತೊಡದವಳಿಗೆ ಆ ತಾಸು ಇಲ್ಲ. ಬಿದ್ದ ಮೇಲೆ ತೊಡುತ್ತೇನೆಂಬದು ಆಗದ ಮಾತು.

ದೋಣಿ ಮಗುಚಿದರೆ ಅದನ್ನು ಬಿಟ್ಟು ದಡದ ಕಡೆಗೆ ಈಜಬಾರದು. ಅದನ್ನೇ ಹಿಡಿದುಕೊಂಡು, ಸಾಧ್ಯವಾದಷ್ಟು ಮೈಯನ್ನು ಅದರ ಮೇಲೆ ಎಳೆದುಕೊಳ್ಳಬೇಕು. ಚುಕ್ಕಾಣಿ ಹಿಡಿದವಳು ಯಂತ್ರದ ನಿಲುಗಡೆಯ ಹಗ್ಗವನ್ನು ಮೈಗೆ ಸಿಕ್ಕಿಸಿಕೊಂಡಿದ್ದರೆ, ಅವಳು ಬಿದ್ದ ಕ್ಷಣವೇ ಯಂತ್ರ ನಿಲ್ಲುವದು. ಇಲ್ಲವಾದರೆ ಅವಳನ್ನು ಬಿಟ್ಟು ದೋಣಿ ಓಡುವದು. ಸೀರೆಯುಟ್ಟು ದೋಣಿ ಹತ್ತುವ ಯೋಚನೆಯನ್ನು ಬಿಡಬೇಕು. ಉಣ್ಣೆಯ ಒಳಬಟ್ಟೆ, ಮಳೆ ತಡೆಯುವ ಮೇಲಂಗಿ, ಸುಲಭವಾಗಿ ಕಳಚುವ ರಬ್ಬರ್ ಬೂಟು, ಇವೇ ಅಲ್ಲಿಯ ಸಭ್ಯವಾದ ಉಡುಪು.

ಗಾಳಿ ಮತ್ತು ನೀರಿನ ವಿಷಯವನ್ನು ನಮ್ಮ ಮೊಗವೀರ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ಅಳಿವೆಬಾಗಿಲಲ್ಲಿ ಇಳಿತದ ನೀರು ಹೊರಗೆ ಹೋಗುತ್ತಿರುವಾಗ ಪಡುಗಾಳಿ ಎದುರಾಗಿ ಬೀಸಿದರೆ ತೆರೆಗಳು ಹೇಗೆ ಗೋಡೆಯಂತೆ ಏಳುತ್ತವೆಂದು ಅವರು ಬಲ್ಲರು. ಬ್ರಿಟಿಷ್ ಕೊಲಂಬಿಯದಲ್ಲಿ ದ್ವೀಪಗಳ ಮಧ್ಯೆ ಇಂಥ ಅಳಿವೆಬಾಗಿಲುಗಳು ನೂರಾರು ಇವೆಯೆಂದು ಎಣಿಸಿಕೊಳ್ಳಬಹುದು. ಕ್ಯಾಂಬೆಲ್ ರಿವರಿನ ಉತ್ತರಕ್ಕಿರುವ ಸೀಮೋರ್ ಇಕ್ಕಟ್ಟಿನಲ್ಲಿ ನೀರು ಗಂಟೆಗೆ ೧೫ ನಾಟಿನಷ್ಟು ವೇಗದಿಂದ ಹರಿಯುವದುಂಟು. ಅಲ್ಲಿ ನೀರಿನಡಿಯಲ್ಲಿ ಅಡಗಿದ್ದ ರಿಪಲ್ ರಾಕ್ ಎಂಬ ಬಂಡೆಯು ಅನೇಕ ಹಡಗುಗಳನ್ನೂ ನೂರಕ್ಕೂ ಹೆಚ್ಚು ಮನುಷ್ಯರನ್ನೂ ನುಂಗಿದ ಮೇಲೆ, ೧೯೫೮ನೆಯ ಇಸವಿ ಎಪ್ರಿಲ್ ೫ರಂದು ಸರಕಾರದವರು ಕೆಳಗಿನಿಂದ ಸುರಂಗ ಕೊರೆದು ಮದ್ದಿಟ್ಟು ಅದರ ತಲೆಯನ್ನು ಹಾರಿಸಿಬಿಟ್ಟರು. ಬಂಡೆ ಹೋಯಿತು, ಸೆಳೆತ ಹೋಗಲಿಲ್ಲ. ಆದಕಾರಣ ಭರತ ಇಳಿತಗಳ ಪಟ್ಟಿಯನ್ನು ಓದಲು ಕಲಿಯುವದು ಗಾಳ ಕಟ್ಟಲು ಕಲಿಯುವದಕ್ಕಿಂತ ಮೊದಲಿನ ಪಾಠ. ಹವೆಯ ವರದಿಯಲ್ಲಿ ಗಾಳಿ ೧೫ ನಾಟಿಗೆ ಮೇಲೇರುವದೆಂದು ಇದ್ದರೆ ಹೊಸಬರು ಮನೆಯಲ್ಲಿಯೇ ಇರತಕ್ಕದ್ದು. ಮರದ ವ್ಯಾಪಾರದಿಂದ ತಪ್ಪಿಸಿಕೊಂಡ ದಿಮ್ಮಿಗಳು ಅರ್ಧ ಮುಳುಗಿ ತೇಲುತ್ತಿರುವವು. ಅವುಗಳಿಗೆ ತಾಗಿದರೆ ಸಣ್ಣ ದೋಣಿ ಉಳಿಯದು. ಎಲ್ಲಿಗೆ ಹೋಗುತ್ತೇವೆ, ಯಾವಾಗ ಬರುತ್ತೇವೆ ಎಂಬದನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿ ಹೋಗಬೇಕು.

ಇಷ್ಟಾದ ಮೇಲೆ ಮೀನು. ಹೊಸದಾಗಿ ಕಲಿಯುವವರಿಗೆ ಮೂಚಿಂಗ್ ಎಂಬ ಕ್ರಮವೇ ಉತ್ತಮವೆಂದು ನನ್ನ ಅಭಿಪ್ರಾಯ. ಸಾಮಾನುಗಳು ಕಡಿಮೆ, ಸದ್ದಿಲ್ಲ, ಮೀನಿನ ನಡತೆ ಕೈಗೆ ತಿಳಿಯುತ್ತದೆ. ಸುಮಾರು ಹತ್ತೂವರೆ ಅಡಿ ಉದ್ದದ ಬಳುಕುವ ಕೋಲು, ೨೫ ಪೌಂಡು ಭಾರ ತಾಳುವ ದಾರ, ಒಂದು ಸುತ್ತು ತಿರುಗಿಸಿದರೆ ಒಂದೇ ಸುತ್ತು ತಿರುಗುವ ದೊಡ್ಡ ರಾಟೆ. ದಾರದಲ್ಲಿ ೨ರಿಂದ ೬ ಔನ್ಸಿನ ಸೀಸದ ಗುಂಡು. ಅದರಿಂದ ಕೆಳಗೆ ಸುಮಾರು ಒಂದು ಮಾರು ತುದಿದಾರ, ಅದಕ್ಕೆ ಎರಡು ಗಾಳ. ಎರೆಯು ಹೆರಿಂಗ್ ಮೀನೇ. ಅದರ ತಲೆಯನ್ನು ಕಿವಿರಿನ ಹಿಂದೆ ನೆಟ್ಟಗೆ ಕೊಯ್ಯದೆ ಓರೆಯಾಗಿ ಕೊಯ್ದು ತೆಗೆಯಬೇಕು. ಕತ್ತಿ ಬಹಳ ಹರಿತವಾಗಿರಬೇಕು. ಈ ಓರೆಯಲ್ಲಿಯೇ ವಿದ್ಯೆಯಿರುತ್ತದೆ. ಸರಿಯಾಗಿ ಕೊಯ್ದ ತುಂಡು ನೀರಿನಲ್ಲಿ ಎಳೆದಾಗ ಪೆಟ್ಟು ತಿಂದ ಸಣ್ಣ ಮೀನಿನಂತೆ ಸುತ್ತುಸುತ್ತಾಗಿ ಉರುಳುತ್ತದೆ. ಕೆಳಗೆ ಬಿಡುವದಕ್ಕೆ ಮುಂಚೆ ದೋಣಿಯ ಬದಿಯಲ್ಲಿ ಎಳೆದು ನೋಡಿ, ಅದು ಉರುಳದಿದ್ದರೆ ಇನ್ನೊಂದು ಕೊಯ್ಯಬೇಕು. ಉರುಳದ ಎರೆಯನ್ನು ಗಂಟೆಗಟ್ಟಲೆ ನೀರಿನಲ್ಲಿಟ್ಟುಕೊಂಡು ಮೀನಿಲ್ಲವೆಂದು ದೂರುವವರು ಬಹು ಮಂದಿ.

ಯಂತ್ರವನ್ನು ನಿಲ್ಲಿಸಿ, ದೋಣಿಯನ್ನು ನೀರಿನೊಡನೆ ತೇಲಬಿಟ್ಟು, ಎರೆಯನ್ನು ತಳ ಮುಟ್ಟುವಷ್ಟು ಇಳಿಸಬೇಕು. ಸ್ಪ್ರಿಂಗ್ ಮೀನು ಬಹಳವಾಗಿ ತಳದ ಹತ್ತಿರ ಇರುವದು. ಆಮೇಲೆ ನಿಧಾನವಾಗಿ ಕೆಲವು ಮಾರು ಮೇಲಕ್ಕೆ ಸುತ್ತುವದು, ತಿರುಗಿ ಇಳಿಸುವದು, ತಿರುಗಿ ಸುತ್ತುವದು. ಬೆಳಗಾಗುವ ಹೊತ್ತಿನಲ್ಲಿ ಮೀನು ಮೇಲುಮಟ್ಟದಲ್ಲಿರುತ್ತದೆ, ಬಿಸಿಲೇರಿದಂತೆ ಕೆಳಗಿಳಿಯುತ್ತದೆ. ಭರತವು ಇಳಿತಕ್ಕೆ ತಿರುಗುವ ಸಂಧಿಕಾಲವು ಎಲ್ಲದರಲ್ಲಿಯೂ ಶ್ರೇಷ್ಠವಾದದ್ದು. ಸ್ಪ್ರಿಂಗ್ ಕಚ್ಚುವ ರೀತಿ ವಿಚಿತ್ರ. ಕೋಲಿನ ತುದಿ ಎರಡು ಸಲ ಮೆಲ್ಲನೆ ತಟ್ಟಿದಂತಾಗುವದು. ಅನೇಕ ಸಲ ಮೀನು ಎರೆಯನ್ನು ಬಾಯಲ್ಲಿ ಹಿಡಿದು ಮೇಲಕ್ಕೆ ಈಜುವದರಿಂದ ದಾರವೇ ಸಡಿಲವಾಗಿಬಿಡುತ್ತದೆ. ಹೊಸಬರು ಮೀನು ಹೋಯಿತೆಂದು ನಿಟ್ಟುಸಿರಿಡುವದು ಆ ಹೊತ್ತಿನಲ್ಲಿಯೇ. ದಾರ ಸಡಿಲವಾದ ಕ್ಷಣದಲ್ಲಿ ಆದಷ್ಟು ಬೇಗ ರಾಟೆಯನ್ನು ಸುತ್ತಿ, ಭಾರವು ತಾಗಿದ ಮೇಲೆ ಕೋಲನ್ನು ಎತ್ತಬೇಕು.

ಇನ್ನೊಂದು ಕ್ರಮವು ಎಳೆಗಾಳ. ಯಂತ್ರವನ್ನು ಮೆಲ್ಲಗೆ, ಗಂಟೆಗೆ ಎರಡು ಮೂರು ನಾಟಿನಂತೆ, ನಡಿಸುತ್ತಾ ಗಾಳವನ್ನು ಹಿಂದಿನಿಂದ ಎಳೆಯುವದು. ನಮ್ಮವರು ಅಂಜಲ್ ಮೀನಿಗೆ ಹಾಗೆಯೇ ಮಾಡುತ್ತಾರೆ. ಆಳಕ್ಕೆ ಇಳಿಸುವದಕ್ಕಾಗಿ ಡೌನ್‌ರಿಗ್ಗರ್ ಎಂಬ ರಾಟೆಯನ್ನು ದೋಣಿಯ ಬದಿಗೆ ಬಿಗಿದು, ತಂತಿಯ ತುದಿಯಲ್ಲಿ ೧೦ರಿಂದ ೧೫ ಪೌಂಡಿನ ಸೀಸದ ಗುಂಡನ್ನು ತೂಗಬಿಡುತ್ತಾರೆ. ಗಾಳದ ದಾರವನ್ನು ಅದಕ್ಕೆ ಚಿಮಟದಿಂದ ಕಚ್ಚಿಸಿರುತ್ತಾರೆ, ಮೀನು ಎಳೆದರೆ ಬಿಡಿಸಿಕೊಳ್ಳುತ್ತದೆ. ಎರೆಯ ಮುಂದೆ ಫ್ಲಾಷರ್ ಎಂಬ ಹೊಳೆಯುವ ಪಟ್ಟಿಯು ತಿರುಗುತ್ತಾ ಹೋಗುವದು. ಹೆಚ್ಚಿನ ಮೀನನ್ನು ಈಗ ಹೀಗೆಯೇ ಹಿಡಿಯುತ್ತಾರೆ. ಅಂಗಡಿಯವರು ತೋರಿಸುವ ಬಣ್ಣಬಣ್ಣದ ಸಾಮಾನುಗಳನ್ನು ಒಂದೇ ವರ್ಷದಲ್ಲಿ ಕೊಳ್ಳಬೇಕಾಗಿಲ್ಲ. ಅವುಗಳಲ್ಲಿ ಅರ್ಧಕ್ಕರ್ಧ ಮೀನಿಗಿಂತ ಮನುಷ್ಯರನ್ನೇ ಹಿಡಿಯುವವು.

ಗಾಳ ಸಿಕ್ಕಿದ ದೊಡ್ಡ ಸ್ಪ್ರಿಂಗ್ ಒಂದೇ ಓಟದಲ್ಲಿ ನೂರು ಮಾರು ದಾರವನ್ನಾದರೂ ಎಳೆದುಕೊಂಡು ಹೋಗಬಹುದು. ತಡೆಯಬಾರದು, ಕೋಲಿನ ತುದಿಯನ್ನು ಎತ್ತಿ ಹಿಡಿದು ಓಡಬಿಟ್ಟು, ನಿಂತಾಗ ಸುತ್ತಬೇಕು. ರಾಟೆಯ ಹಿಡಿಗಳು ಆಗ ಗಿರ್ರನೆ ತಿರುಗುವದರಿಂದ ಬೆರಳನ್ನು ದೂರವಿಡಬೇಕು. ಬೆರಳಗೆಣ್ಣು ಒಡೆಯುವ ರಾಟೆಯೆಂದೇ ಅದಕ್ಕೆ ಅಡ್ಡಹೆಸರುಂಟು. ಒಬ್ಬಳು ಕೋಲನ್ನು ಹಿಡಿದರೆ ಇನ್ನೊಬ್ಬಳು ಕೈಬಲೆ ಹಿಡಿಯಲಿ. ಬಲೆಯಿಂದ ಮೀನನ್ನು ಅಟ್ಟಬಾರದು. ಬಲೆಯನ್ನು ನೀರಿನಲ್ಲಿ ಸ್ಥಿರವಾಗಿಟ್ಟು, ಮೀನನ್ನು ತಲೆ ಮುಂದಾಗಿ ಅದರೊಳಗೆ ತರಬೇಕು. ಇಬ್ಬರೂ ಒಂದೇ ಬದಿಗೆ ಬಾಗುವ ಆಸೆಯಾಗುವದು ಆ ಗಳಿಗೆಯಲ್ಲಿಯೇ. ದೋಣಿ ಮಗುಚುವದೂ ಆಗಲೇ.

ಬಿಡಬೇಕಾದ ಮೀನನ್ನು ನೀರಿನಿಂದ ಎತ್ತದೆಯೇ ಗಾಳವನ್ನು ತಿರುಗಿಸಿ ಬಿಡಿಸಬೇಕು. ಇಟ್ಟುಕೊಳ್ಳುವದನ್ನು ನರಳಿಸದೆ ತಲೆಯ ಮೇಲೆ ಒಂದೇ ಪೆಟ್ಟಿನಿಂದ ಕೊಲ್ಲಬೇಕು. ಅದಕ್ಕಾಗಿರುವ ಸಣ್ಣ ದೊಣ್ಣೆಗೆ ಇಂಗ್ಲಿಷರು ಪ್ರೀಸ್ಟ್, ಅಂದರೆ ಪಾದ್ರಿ, ಎಂದು ಹೆಸರಿಟ್ಟಿದ್ದಾರೆ. ಸಾಯುವವರಿಗೆ ಕಡೆಯ ಸಂಸ್ಕಾರವನ್ನು ನಡಿಸುವವನೆಂಬ ಅರ್ಥದಿಂದ. ನಮ್ಮ ಗುರುಗಳು ಕೋಪಿಸಿಕೊಳ್ಳದಿರಲಿ.

ಮೂವತ್ತು ಪೌಂಡಿಗೆ ಕಡಿಮೆಯಿಲ್ಲದ ಸ್ಪ್ರಿಂಗಿಗೆ ಟೈಯೀ ಎಂಬ ಹೆಸರು. ಚಿನೂಕ್ ಎಂಬ ಹಳೆಯ ವ್ಯಾಪಾರಭಾಷೆಯಲ್ಲಿ ಇದರ ಅರ್ಥ ನಾಯಕನೆಂದು. ಕ್ಯಾಂಬೆಲ್ ರಿವರಿನಲ್ಲಿ ೧೯೨೪ರಲ್ಲಿ ಸ್ಥಾಪಿತವಾದ ಟೈಯೀ ಕ್ಲಬ್ಬಿಗೆ ಸೇರಬೇಕಾದರೆ ಹಣ ಕೊಟ್ಟರೆ ಸಾಲದು. ಆ ನದಿಯ ಮುಖದಲ್ಲಿ, ಯಂತ್ರವಿಲ್ಲದೆ ಹುಟ್ಟು ಹಾಕಿ ನಡಿಸುವ ದೋಣಿಯಿಂದ, ಒಳಮುಳ್ಳಿಲ್ಲದ ಒಂದೇ ಗಾಳದಿಂದ, ೨೦ ಪೌಂಡಿಗೆ ಮೀರದ ದಾರದಿಂದ, ಕೃತ್ರಿಮ ಎರೆಯನ್ನು ಹಾಕಿ ಇಂಥ ಮೀನನ್ನು ಹಿಡಿದವರನ್ನು ಮಾತ್ರ ಸೇರಿಸುತ್ತಾರೆ. ಇಲ್ಲಿ ಮೀನಿಗೂ ಮನುಷ್ಯನಿಗೂ ಬಹುಮಟ್ಟಿಗೆ ಸಮಬಲ. ಕೋಲುಗಾಳದಿಂದ ಹಿಡಿದ ಸ್ಪ್ರಿಂಗ್‌ಗಳಲ್ಲಿ ಅತಿ ದೊಡ್ಡದೆಂದು ದಾಖಲೆಯಾದದ್ದು ಅಲಾಸ್ಕದ ಕೀನಾಯ್ ನದಿಯಲ್ಲಿ ೧೯೮೫ರಲ್ಲಿ ಸಿಕ್ಕಿದ, ೯೭ ಪೌಂಡು ೪ ಔನ್ಸು ತೂಕದ ಮೀನು.

ಅಂಥ ಮೀನುಗಳು ಈಗ ವಿರಳ. ಫ್ರೇಸರ್ ನದಿಯ ಸ್ಪ್ರಿಂಗ್ ತಂಡಗಳು ಬಹಳ ಕ್ಷೀಣವಾದ್ದರಿಂದ ೨೦೧೯ರಿಂದ ದಕ್ಷಿಣದ ಕಡಲುಗಳಲ್ಲಿ ಕಠಿಣವಾದ ನಿರ್ಬಂಧಗಳನ್ನು ಹಾಕಿದರು. ಅದೇ ವರ್ಷದ ಜೂನಿನಲ್ಲಿ, ಬಿಗ್ ಬಾರ್ ಎಂಬಲ್ಲಿ ಗುಡ್ಡ ಕುಸಿದು ಆ ನದಿಗೇ ಅಡ್ಡ ಬಿದ್ದಿರುವದು ಕಂಡುಬಂತು. ಮೀನುಗಳನ್ನು ಹೆಲಿಕಾಪ್ಟರುಗಳಲ್ಲಿ ಹೊತ್ತು ಮೇಲಕ್ಕೆ ಸಾಗಿಸಬೇಕಾಯಿತು. ಆ ಕಡಲಲ್ಲಿ ವಾಸಿಸುವ ಕರಿ ಬಿಳಿ ಬಣ್ಣದ ಓರ್ಕಾ ಎಂಬ ಪ್ರಾಣಿಗಳ ಒಂದು ಕುಲಕ್ಕೆ ಸ್ಪ್ರಿಂಗ್ ಮೀನೇ ಮುಖ್ಯ ಆಹಾರ. ಆ ಕುಲದಲ್ಲಿ ಉಳಿದಿರುವವು ೮೦ಕ್ಕಿಂತ ಕಡಿಮೆ. ಅವು ಕಂಡರೆ ಗಾಳವನ್ನು ಎಳೆದುಕೊಂಡು ಬಹುದೂರ ಸರಿಯಬೇಕು. ಎಲ್ಲರಿಗಿಂತ ಮೊದಲು ಈ ಮೀನಿನ ಮೇಲೆ ಹಕ್ಕುಳ್ಳವರು ಆ ನಾಡಿನ ಮೂಲನಿವಾಸಿಗಳು. ಮೀನಿನ ಸಂತತಿಯ ಸಂರಕ್ಷಣೆಯಾದ ಮೇಲೆ ಅವರ ಊಟದ ಮೀನಿಗೇ ಮೊದಲ ಸ್ಥಾನವೆಂದು ೧೯೯೦ರಲ್ಲಿ ಕೆನಡಾದ ಶ್ರೇಷ್ಠ ನ್ಯಾಯಾಲಯವು ತೀರ್ಪು ಕೊಟ್ಟಿತು. ಅವರಲ್ಲಿ ಕೆಲವು ಜನಾಂಗದವರು ವರ್ಷದ ಮೊದಲನೆಯ ಸಾಮನನ್ನು ಅತಿಥಿಯಂತೆ ಬರಮಾಡಿ, ಎಲ್ಲರೂ ಹಂಚಿ ತಿಂದು, ಎಲುಬುಗಳನ್ನು ಪುನಃ ನೀರಿಗೆ ಒಪ್ಪಿಸುವ ಪದ್ಧತಿಯುಂಟು. ದೋಣಿಯ ತುಂಬ ಮೀನು ತರುವೆನೆಂದು ಹೊರಡುವವರಿಗೆ ಈಗ ಆ ಕಡಲಲ್ಲಿ ಸ್ಥಳವಿಲ್ಲ. ಕೆಲವು ದಿನ ಒಂದು, ಕೆಲವು ದಿನ ಒಂದೂ ಇಲ್ಲ.

ಸಿಕ್ಕಿದ ಒಂದನ್ನು ಕೆಡಿಸಬಾರದು. ಕೊಂದ ಕೂಡಲೆ ಕಿವಿರುಗಳನ್ನು ಕೊಯ್ದು ರಕ್ತವನ್ನು ಬಸಿಯಬಿಟ್ಟು, ಬಿಸಿಲಿಗೆ ಒಡ್ಡದೆ ಮಂಜುಗಡ್ಡೆಯಲ್ಲಿಡಬೇಕು. ಕೊಯ್ದಾಗ ಮಾಂಸವು ಕೆಂಪಾಗಿರದೆ ಬೆಳ್ಳಗಿದ್ದರೆ ಹೆದರಬೇಡಿರಿ. ಸ್ಪ್ರಿಂಗ್‌ಗಳಲ್ಲಿ ಕೆಲವು ಹುಟ್ಟಿನಿಂದಲೇ ಹಾಗಿರುತ್ತವೆ. ಹಿಂದೆ ಡಬ್ಬಿಯ ಕಾರ್ಖಾನೆಯವರು ಅದಕ್ಕೆ ಕಡಿಮೆ ಬೆಲೆ ಕೊಡುತ್ತಿದ್ದರು, ರುಚಿಯಲ್ಲಿ ಮಾತ್ರ ಕೊರತೆಯೇನೂ ಇಲ್ಲ. ಕೊಬ್ಬುಳ್ಳ ಮೀನಾದದ್ದರಿಂದ ಬಂಗುಡೆಗೆ ಹಾಕುವಷ್ಟು ಮೆಣಸು, ಎಣ್ಣೆ ಇದಕ್ಕೆ ಬೇಡ. ಉಪ್ಪು, ಅರಸಿನ, ಸ್ವಲ್ಪ ಹುಣಿಸೇಹುಳಿ ಹಚ್ಚಿ ಅರ್ಧ ತಾಸು ಇಟ್ಟು, ಚರ್ಮದ ಬದಿಯನ್ನು ಕೆಳಗೆ ಮಾಡಿ ಕಾವಲಿಯಲ್ಲಿ ಬೇಯಿಸಿದರೆ ಸಾಕು. ತಲೆಯನ್ನು ಅಲ್ಲಿಯ ನೆರೆಯವರು ಬಹಳವಾಗಿ ಎಸೆದುಬಿಡುತ್ತಾರೆ. ಕೇಳಿ ಇಸಕೊಂಡು ಸಾರು ಮಾಡತಕ್ಕದ್ದು.